ನೆಲದಡಿಯ ಬುತ್ತಿ

ಬಾದಾಮಿಗೆ ಬಂದವರು ಮೇಣಬಸದಿಯ ಮೆಟ್ಟಿಲು ಹತ್ತುತ್ತಾರೆ, ಅಗಸ್ತ್ಯತೀರ್ಥದ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಬನಶಂಕರಿಗೆ ಹೋಗಿ ರೊಟ್ಟಿ ಊಟ ಮಾಡಿ ಬಸ್ಸು ಹಿಡಿಯುತ್ತಾರೆ. ಕೆರೆಯ ಆಚೆ ಬದಿಯ ಕೋಟೆ ಹತ್ತುವವರು ಕಡಿಮೆ. ಹತ್ತಿದವರೂ ಶಿವಾಲಯ ನೋಡುತ್ತಾರೆಯೇ ಹೊರತು ಅಲ್ಲಿರುವ ಕಲ್ಲಿನ ಕಣಜಗಳ ಮುಂದೆ ನಿಲ್ಲುವುದಿಲ್ಲ. ಕಳೆದ ಜನವರಿಯಲ್ಲಿ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಲ್ಲಿ ನಿಂತು ಕೇಳಿದಳು: "ಸರ್, ಇಷ್ಟು ಜೋಳಕ್ಕ ನುಶಿ ಹತ್ತತಿರಲಿಲ್ಲೇನ್ರಿ?"

ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಆದರೂ ಉತ್ತರ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಕಣಜವಲ್ಲ, ನನ್ನ ತಾಯಿಯ ತವರುಮನೆಯ ಹಗೇವು. ಮಕ್ಕಳನ್ನು ಊರು ಮುಟ್ಟಿಸಿದ ಮರುವಾರವೇ ನಾನೊಬ್ಬನೇ ಮತ್ತೆ ಬಾದಾಮಿಗೆ ಬಂದು, ಕುಳಗೇರಿ ಕ್ರಾಸಿನ ಕಡೆ ಹೋಗುವ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಮಳೆ ನಂಬುವಂತಿಲ್ಲದ ಸೀಮೆ ಇದು. 1791-92ರ ಬರಕ್ಕೆ ಜನ ಡೋಗಿ ಬರ ಎಂದು ಹೆಸರಿಟ್ಟರು. ಸತ್ತವರ ತಲೆಬುರುಡೆಗಳು ಎಲ್ಲೆಂದರಲ್ಲಿ ಬಿದ್ದಿದ್ದುದರಿಂದ ಆ ಹೆಸರು ಬಂತೆನ್ನುತ್ತಾರೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿಯೂ ಆಗಿನ ಕಲಾದಗಿ ಜಿಲ್ಲೆ ಬಹಳ ನೊಂದಿತು. ಇಂಥ ನೆಲದಲ್ಲಿ ಬದುಕಿದವರು ಕಂಡುಕೊಂಡ ಉಪಾಯವೇ ಹಗೇವು. ಗಟ್ಟಿ ನೆಲ ನೋಡಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತಳಕ್ಕೂ ಗೋಡೆಗೂ ಒಣ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು.

ಮಾವನಿಗೆ ಈಗ ಎಂಬತ್ತು ದಾಟಿದೆ. ಕಟ್ಟೆಯ ಮೇಲೆ ಕೂತಿದ್ದವರು "ಬಾರಪಾ ಮಾಸ್ತರ, ಹಾದಿ ತಪ್ಪಿ ಬಂದಿಯೇನ?" ಎಂದು ನಕ್ಕರು. ಅತ್ತೆ ಚರಿಗೆಯಲ್ಲಿ ನೀರು ತಂದಿಟ್ಟರು. ಮನೆ ಬದಲಾಗಿದೆ. ದನ ಕಟ್ಟುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಅಡುಗೆಮನೆಯ ಅಡಕಲ ಗಡಿಗೆಗಳ ಸಾಲು ಮಾತ್ರ ಹಾಗೆಯೇ ಇದೆ. ಬಿತ್ತನೆಯ ಮಡಿಕೆ, ಅಲಸಂದಿಗಳನ್ನು ಅತ್ತೆ ಇಂದಿಗೂ ಬೂದಿ ಬೆರೆಸಿ ಗಡಿಗೆಯಲ್ಲಿಡುತ್ತಾರೆ.

"ವರ್ಷಕ್ಕ ಎಷ್ಟು ಜೋಳ ಇಡ್ತೀರಿ ಅತ್ತಿ?" ಎಂದೆ.

"ಈಗೇನಪಾ, ಐದ ಮಂದಿ. ರೇಷನ್ ಅಕ್ಕೀನೂ ಬರ್ತೈತಿ. ಮನಿಗೆ ಐದ ಚೀಲ, ಅವರಿಗೊಂದು. ಆರ ಚೀಲ ಸಾಕು."

ಅವರಿಗೆ ಅಂದರೆ ಯಾರಿಗೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಊಟವಾದ ಮೇಲೆ ಹಿತ್ತಲಿಗೆ ಹೋದೆವು. ಹಗೇವಿನ ಬಾಯಿಯ ಮೇಲೆ ಚಪ್ಪಡಿ ಹಾಗೇ ಇತ್ತು. ಒಳಗೆ ಆಳ ಹತ್ತು ಅಡಿ, ಅಗಲ ಆರು ಅಡಿ ಎಂದು ಮಾವ ಹೇಳಿದರು. ಮಾಸ್ತರನ ಚಾಳಿ, ಅಲ್ಲೇ ಲೆಕ್ಕ ಹಾಕಿದೆ. ಸುಮಾರು ಎಂಟು ಘನಮೀಟರ್. ಹುಲ್ಲಿನ ಜಾಗ ಕಳೆದರೆ 55 ಕ್ವಿಂಟಲ್ ಜೋಳ. ಆ ಕಾಲಕ್ಕೆ ಮನೆಯಲ್ಲಿ ಇಪ್ಪತ್ತು ಜನ. ದಿನಕ್ಕೆ ತಲೆಗೆ 400 ಗ್ರಾಮಿನಂತೆ ವರ್ಷಕ್ಕೆ 29 ಕ್ವಿಂಟಲ್. ಅಂದರೆ ಹೆಚ್ಚುಕಡಿಮೆ ಎರಡು ವರ್ಷದ ಬುತ್ತಿ. ಒಂದು ವರ್ಷ ಮಳೆ ಕೈಕೊಟ್ಟರೂ ಮನೆಯವರು ಗುಳೆ ಹೋಗಬೇಕಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನನ್ನ ಮುತ್ತಜ್ಜ ಈ ಲೆಕ್ಕ ಹಾಕಿಯೇ ಗುಂಡಿ ತೋಡಿಸಿದ್ದಿರಬೇಕು.

ನುಶಿ ಯಾಕೆ ಹತ್ತುತ್ತಿರಲಿಲ್ಲ? ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಜೊತೆಗೆ ಸೇರಿಕೊಂಡ ಹುಳಗಳೂ ಉಸಿರಾಡುತ್ತವೆ. ಬಾಯಿ ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಮುಗಿಯುತ್ತ ಹೋಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಗೋಡೆಗೆ ತಾಗಿದ ಕಾಳು ತೇವ ಹಿಡಿದು ಕಪ್ಪಾಗುವುದುಂಟು. ನಡುವಿನದು ಚೆನ್ನಾಗಿಯೇ ಇರುತ್ತದೆ. ಕಾಳು ಪೂರ್ತಿ ಒಣಗಿರಬೇಕು, ಇಷ್ಟೇ ಷರತ್ತು.

ಆದರೆ ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಟ್ಟೀತೆ? ಹಿರಿಯರಿಗೆ ಇದು ತಿಳಿದಿತ್ತು. ಬಾಯಿ ತೆರೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

1979ರ ಬೇಸಗೆ. ನಾನು ಮೂರನೆಯ ಇಯತ್ತೆ ಮುಗಿಸಿ ರಜೆಗೆ ಬಂದಿದ್ದೆ. ಮನೆಯಲ್ಲಿ ಮದುವೆ. ಹಿಟ್ಟಿಗೆ ಜೋಳ ಬೇಕಿತ್ತು. ಬೆಳಗ್ಗೆ ಚಪ್ಪಡಿ ಸರಿಸಿದವರು ಮಧ್ಯಾಹ್ನವೇ ಜೀತದಾಳನ್ನು ಇಳಿಸಿದರು. ಬುಟ್ಟಿ ಮೇಲೆ ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಮಾವ ಧುಮುಕಲು ಹೋದಾಗ ಅಜ್ಜ ಅವರ ಸೊಂಟ ಹಿಡಿದು ಎಳೆದದ್ದು ನನಗೆ ಈಗಲೂ ಕಾಣುತ್ತದೆ. ಮೂರು ಕೂಸುಗಳ ತಂದೆ ಆತ. ಭೂಮಿತಾಯಿ ಬಲಿ ತೆಗೆದುಕೊಂಡಳು ಎಂದಿತು ಊರು. ಮುಂದೆ ಆ ಹಗೇವಿಗೆ ಜೋಳ ತುಂಬಲಿಲ್ಲ.

ಇಷ್ಟು ವರ್ಷ ನಾನು ಮಕ್ಕಳಿಗೆ ಉರಿಯುವ ಮೇಣದಬತ್ತಿಯನ್ನು ಬೀಕರಿನೊಳಗೆ ಇಳಿಸಿ, ಅದು ಆರುವುದನ್ನು ತೋರಿಸಿದ್ದೇನೆ. ಮಾವನಿಗೆ ಮಾತ್ರ ಏನೂ ಹೇಳಿರಲಿಲ್ಲ. ಅಂದು ಹೇಳಿದೆ.

ಮಾವ ಬಹಳ ಹೊತ್ತು ಸುಮ್ಮನಿದ್ದರು. "ಬಲಿ ಅಲ್ಲ ಅನ್ನೂದು ನನಗ ಅವತ್ತs ಗೊತ್ತಿತ್ತು ತಮ್ಮಾ. ಕಂದೀಲ ಇಳಸೋಣು ಅಂತ ಅವನs ಅಂದಿದ್ದ. ಹೊತ್ತಾಗತೈತಿ, ಇಳೀ ಅಂದಾವ ನಾ."

ಮೊಮ್ಮಗ ಆ ಜಾಗದಲ್ಲಿ ಟ್ರ್ಯಾಕ್ಟರಿಗೆ ಶೆಡ್ ಕಟ್ಟಿಸುವವನಿದ್ದ. ಗುಂಡಿಯನ್ನು ತಳದಿಂದ ಮಣ್ಣು ತುಂಬಿ ಮುಚ್ಚು, ಬರೀ ಚಪ್ಪಡಿಯ ಮೇಲೆ ಕಾಂಕ್ರೀಟ್ ಹಾಕಬೇಡ ಎಂದೆ. ಮುಚ್ಚುವ ಮೊದಲು ಮಾವ ಕಂದೀಲು ತರಿಸಿದರು. ಚಪ್ಪಡಿ ಸರಿಸಿ ತಾವೇ ಹಗ್ಗ ಬಿಟ್ಟರು. ಹತ್ತು ಅಡಿ ಕೆಳಗೆ ದೀಪ ಉರಿಯುತ್ತಲೇ ಇತ್ತು. ಉಸಿರಾಡಲು ಒಳಗೆ ಕಾಳಿರಲಿಲ್ಲ. ದೀಪ ಉರಿಯಿತೆಂದು ಇಳಿಯುವುದೂ ಕ್ಷೇಮವಲ್ಲ ಎಂದು ಮೊಮ್ಮಗನಿಗೆ ಎಚ್ಚರಿಸಿದೆ. ಕೆಟ್ಟ ಗಾಳಿ ಅಪಾಯದ ಮಟ್ಟ ಮುಟ್ಟಿದ ಮೇಲೂ ದೀಪ ಉರಿಯಬಹುದು.

ಹಗೇವು ಹೋದರೂ ಅದರ ತತ್ತ್ವ ಹೋಗಿಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿನ ಅಲಸಂದೆ ರೈತರಿಗಾಗಿ ಮೂರು ಪದರದ ಚೀಲ ರೂಪಿಸಿದರು. ಒಳಗಿನ ಎರಡು ಪದರ ಪ್ಲಾಸ್ಟಿಕ್, ಹೊರಗಿನದು ನೇಯ್ದ ಚೀಲ. ಬಾಯಿ ಬಿಗಿದು ಕಟ್ಟಿದರೆ ಔಷಧವಿಲ್ಲದೆ ಹುಳ ಸಾಯುತ್ತದೆ. ನಮ್ಮ ಮುತ್ತಜ್ಜಂದಿರ ಉಪಾಯವೇ, ಮನುಷ್ಯ ಒಳಗೆ ಇಳಿಯಬೇಕಿಲ್ಲ ಅಷ್ಟೆ. ಕಾಳು ಹಲ್ಲಿಗೆ ಕಟ್ಟೆನ್ನುವಷ್ಟು ಒಣಗಿದ ಮೇಲೆ ತುಂಬಬೇಕು, ಇಲಿ ಕಡಿಯದಂತೆ ನೋಡಿಕೊಳ್ಳಬೇಕು.

ಮರುದಿನ ಬಸ್ಸಿಗೆ ಹೊರಟಾಗ ಅತ್ತೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಮಾವ ಹಿತ್ತಲ ಕಡೆ ನೋಡುತ್ತ ಅತ್ತೆಗೆ ಹೇಳಿದರು: "ಈ ವರ್ಷ ಅವರ ಚೀಲ ಆಳಿನ ಕೈಲೆ ಕಳಸಬ್ಯಾಡ. ನಾನs ಹೋಗಿ ಕೊಟ್ಟು, ಒಂದ ಮಾತ ಹೇಳಿ ಬರ್ತೀನಿ."