ನಂದಿಯ ಏರಿನಲ್ಲಿ ಎರಡು ಕಾಲಿನ ಲೆಕ್ಕ

ಶನಿವಾರ ನಸುಕಿನ ನಾಲ್ಕೂವರೆಗೆ ಹೆಬ್ಬಾಳದ ಫ್ಲೈಓವರ್ ಹತ್ತಿರ ನಿಂತು ನೋಡಿ. ವಿಮಾನ ಹಿಡಿಯಲು ಓಡುವ ಟ್ಯಾಕ್ಸಿಗಳ ಪಕ್ಕದಲ್ಲಿ, ಹಿಂದೆ ಕೆಂಪು ದೀಪ ಮಿಣುಕಿಸುತ್ತಾ ಮೂರು, ಐದು, ಹತ್ತು ಸೈಕಲ್ಲುಗಳು ಬಳ್ಳಾರಿ ರಸ್ತೆಯ ಸರ್ವಿಸ್ ರೋಡ್ ಹಿಡಿದು ಉತ್ತರಕ್ಕೆ ಹೊರಡುತ್ತವೆ. ಎಲ್ಲಿಗೆ ಅಂತ ಕೇಳಬೇಕಿಲ್ಲ, ನಂದಿಬೆಟ್ಟಕ್ಕೆ. ನಗರದ ಮಧ್ಯದಿಂದ ಸುಮಾರು 60 ಕಿ.ಮೀ. ಬೆಂಗಳೂರಿನಲ್ಲಿ ರೋಡ್ ಬೈಕ್ ಕೊಂಡವರು ಇವತ್ತಲ್ಲ ನಾಳೆ ಈ ದಾರಿ ಹಿಡಿದೇ ಹಿಡಿಯುತ್ತಾರೆ.

ಯಲಹಂಕ ದಾಟುವವರೆಗೆ ಊರು ಬಿಡುವುದಿಲ್ಲ. ದೇವನಹಳ್ಳಿ ಕಳೆದು ಹೆದ್ದಾರಿ ಬಿಟ್ಟ ಮೇಲೆ ಕಿವಿಗೆ ಸ್ವಲ್ಪ ನೆಮ್ಮದಿ. ಕೆಂಪು ಮಣ್ಣು, ದ್ರಾಕ್ಷಿ ಚಪ್ಪರ, ಅಲ್ಲೊಂದು ಇಲ್ಲೊಂದು ಚಕ್ಕೋತದ ಮರ. ಚಳಿಗಾಲವಾದರೆ ಬೆಟ್ಟದ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧ ಮಂಜಿನೊಳಗೆ. ಕಾರಹಳ್ಳಿ ಕ್ರಾಸ್ ದಾಟಿ ಬುಡ ಸೇರಿದರೆ ಅಲ್ಲಿಂದ ಸುಮಾರು ಏಳೂವರೆ ಕಿ.ಮೀ. ಏರು. ಮೇಲೆ 1,478 ಮೀಟರ್ ಎತ್ತರ. ಕೆಳಗಿನಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 450 ಮೀಟರ್ ಹತ್ತಬೇಕು. ತಿರುವು ಮುಗಿದರೆ ತಿರುವು. ಮಂಗಗಳು ಕಟ್ಟೆ ಮೇಲೆ ಕೂತು ನಮ್ಮ ಏದುಸಿರು ನೋಡುತ್ತವೆ. ಕಾರಿನವರು ಕಿಟಕಿ ಇಳಿಸಿ ‘ಕಮಾನ್ ಗುರು’ ಅಂತಾರೆ. ಅದರಿಂದ ಏರು ಏನೂ ಕಮ್ಮಿಯಾಗುವುದಿಲ್ಲ, ಆದರೂ ಹಿತ.

ಮೇಲೆ ಮುಟ್ಟಿದವರನ್ನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ನಿಮಿಷ?’ ಈ ನಿಮಿಷವನ್ನು ಪೂರ್ತಿ ನಂಬುವ ಹಾಗಿಲ್ಲ. ಒಂದು ವಾರ ಎದುರುಗಾಳಿ, ಇನ್ನೊಂದು ವಾರ ಕಾರುಗಳ ಸಾಲು, ಮತ್ತೊಂದು ವಾರ ಬೆನ್ನಿಗೆ ಎರಡು ಬಾಟಲಿ ನೀರು ಜಾಸ್ತಿ. ಹೃದಯ ಬಡಿತವೂ ಅಷ್ಟೇ, ಹಿಂದಿನ ರಾತ್ರಿ ನಿದ್ದೆ ಕೆಟ್ಟರೆ ಅದರ ಲೆಕ್ಕ ಬೇರೆ. ಅದಕ್ಕೇ ಪವರ್ ಮೀಟರ್. ಗಾಳಿಯಿರಲಿ, ಏರಿರಲಿ, ಈ ಕ್ಷಣ ಕಾಲು ಎಷ್ಟು ವ್ಯಾಟ್ ಶಕ್ತಿ ಕೊಡುತ್ತಿದೆ ಅಂತ ಅದು ಹೇಳುತ್ತದೆ. ನಂದಿಯಲ್ಲಿ ಇದನ್ನು ಕಾಗದದ ಮೇಲೂ ಅಂದಾಜು ಮಾಡಬಹುದು. ಸವಾರ, ಸೈಕಲ್ಲು ಸೇರಿ 80 ಕಿಲೊ ಅಂದುಕೊಳ್ಳಿ. 40 ನಿಮಿಷದಲ್ಲಿ ಹತ್ತಬೇಕಾದರೆ ಬರೀ ಗುರುತ್ವದ ಎದುರು ಸುಮಾರು 147 ವ್ಯಾಟ್ ಬೇಕು. ಟೈರಿನ ಘರ್ಷಣೆ, ಗಾಳಿ, ಚೈನಿನ ನಷ್ಟ ಸೇರಿದರೆ 165-170. ಅದೇ ಏರನ್ನು ಅರ್ಧ ಗಂಟೆಯಲ್ಲಿ ಮುಗಿಸಬೇಕಾದರೆ 225ರಿಂದ 230ರ ಆಸುಪಾಸು. ಹತ್ತು ನಿಮಿಷ ಉಳಿಸಲು ಅರವತ್ತು ವ್ಯಾಟ್! (ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇಲ್ಲೇ ಬೆಟ್ಟದ ಮಗ್ಗುಲಲ್ಲಿದೆ. ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆ ಜಾಗ ಬೇಕೆ?)

ಮೀಟರನ್ನು ಎಲ್ಲಿ ಕೂರಿಸಬೇಕು ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ಶುರುವಾದದ್ದು ಚಿಕ್ಕಮ್ಮನ ಮಗನಿಂದ. ಫುಟ್‌ಬಾಲ್ ಆಡುವಾಗ ಎಡ ಮಂಡಿಯ ಲಿಗಮೆಂಟ್ ಹರಿದುಕೊಂಡು, ಆಪರೇಷನ್ ಆಗಿ, ತಿಂಗಳುಗಟ್ಟಲೆ ಫಿಸಿಯೋಥೆರಪಿ ಮುಗಿಸಿ ಸೈಕಲ್ಲಿಗೆ ಬಂದವನು. ಮುಂದೆ 200 ಕಿ.ಮೀ. ಬ್ರೆವೆ ಮಾಡುವ ಆಸೆ. ‘ಅಕ್ಕಾ, ನಿನ್ನ ಹತ್ರ ಇರೋದನ್ನೇ ತಗೊಳ್ತೀನಿ, ಕಮ್ಮಿ ರೇಟಲ್ಲಿ ಮುಗಿಯುತ್ತೆ’ ಅಂದ.

ನನ್ನ ಹತ್ತಿರ ಇರುವುದು ಎಡಗಡೆಯ ಕ್ರ್ಯಾಂಕ್ ಮೀಟರ್. ಪೆಡಲನ್ನು ಸೈಕಲ್ಲಿಗೆ ಸೇರಿಸುವ ಲೋಹದ ತೋಳು ಇದೆಯಲ್ಲ, ಅದೇ ಕ್ರ್ಯಾಂಕ್. ತುಳಿದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಳಬದಿಗೆ ಅಂಟಿಸಿದ ಸ್ಟ್ರೇನ್ ಗೇಜ್ ಆ ಬಾಗನ್ನು ಅಳೆಯುತ್ತದೆ. ತಿರುಗಿಸುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಶಕ್ತಿ. ಒಂದು ಬಿಲ್ಲೆ ಸೆಲ್ ಹಾಕಿ ತಿಂಗಳುಗಟ್ಟಲೆ ಮರೆತುಬಿಡಬಹುದು. ನಮ್ಮ ಧೂಳು, ಮಳೆ, ಹಂಪ್ ಎಲ್ಲಕ್ಕೂ ಗಟ್ಟಿ. ಆದರೆ ಅಗ್ಗದ ಗುಟ್ಟು ಬೇರೆ: ಅದು ಅಳೆಯುವುದು ಎಡಗಾಲನ್ನು ಮಾತ್ರ. ಬಲಗಾಲೂ ಅಷ್ಟೇ ತುಳಿಯುತ್ತಿದೆ ಎಂದು ನಂಬಿ ಎರಡರಿಂದ ಗುಣಿಸಿ ತೋರಿಸುತ್ತದೆ.

ಹೆಚ್ಚಿನವರಿಗೆ ಇದು ದೊಡ್ಡ ತೊಂದರೆಯಲ್ಲ. ಯಾರದ್ದೂ ಕರಾರುವಾಕ್ಕಾಗಿ 50-50 ಇರುವುದಿಲ್ಲ, 48-52 ಸಾಮಾನ್ಯ. ವಾರದಿಂದ ವಾರಕ್ಕೆ ನಮ್ಮನ್ನು ನಾವೇ ಹೋಲಿಸಿಕೊಳ್ಳಲು ಅಷ್ಟು ಸಾಕು. ಆದರೆ ಒಂದು ಮಂಡಿ ಆಪರೇಷನ್ ಆದವನಿಗೆ?

ಬಾಯಿಮಾತಿನ ವಾದ ಬೇಡ ಅಂತ ಒಂದು ಶನಿವಾರ ನೋಡಿಯೇ ಬಿಟ್ಟೆವು. ನಮ್ಮಿಬ್ಬರದೂ ಒಂದೇ ಶಿಮಾನೊ 105 ಸೆಟ್, ಕ್ರ್ಯಾಂಕ್ ಉದ್ದವೂ ಒಂದೇ. ಹಾಗಾಗಿ ನನ್ನ ಎಡ ತೋಳು ಬಿಚ್ಚಿ ಅವನ ಸೈಕಲ್ಲಿಗೆ ಹಾಕಿದೆವು. ಜೊತೆಗೆ ಸ್ನೇಹಿತರೊಬ್ಬರಿಂದ ಎರಡೂ ಬದಿ ಅಳೆಯುವ ಪೆಡಲ್ ಮೀಟರ್ ಎರವಲು. ಒಂದೇ ಸೈಕಲ್ಲು, ಒಂದೇ ಏರು, ಎರಡು ಕಂಪ್ಯೂಟರ್. ಮೇಲೆ ಬಂದಾಗ ಪೆಡಲ್ ತೋರಿಸಿದ ಸರಾಸರಿ 168 ವ್ಯಾಟ್, ಕ್ರ್ಯಾಂಕ್ ತೋರಿಸಿದ್ದು 144.

‘ಅಕ್ಕಾ, ನಿನ್ನ ಮೀಟರ್ ಸುಳ್ಳು ಹೇಳ್ತಿದೆ.’

‘ಸುಳ್ಳಲ್ಲ ಕಣೋ. ಅದಕ್ಕೆ ಗೊತ್ತಿರೋದೇ ನಿನ್ನ ಎಡಗಾಲು.’

ಪೆಡಲಿನ ಲೆಕ್ಕದಲ್ಲಿ ಎಡಗಾಲಿನ ಪಾಲು ಶೇ 43. ಅಂದರೆ 72 ವ್ಯಾಟ್. ಅದನ್ನೇ ಎರಡು ಮಾಡಿದರೆ 144. ಎರಡೂ ಮೀಟರ್ ಸರಿಯಾಗೇ ಕೆಲಸ ಮಾಡಿದ್ದವು! ಕಡಿಮೆ ತೋರಿಸಿದ್ದು ನನಗೆ ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ. ಹೆದರಿಕೆ ಹುಟ್ಟಿಸಿದ್ದು ಮುಂದಿನ ಯೋಚನೆ. ಎರಡು ತಿಂಗಳು ಬಿಟ್ಟು ಎಡಗಾಲು 84ಕ್ಕೆ ಬಂದು, ಬಲಗಾಲು ಭಾರ ಇಳಿಸಿಕೊಂಡು 84ಕ್ಕೆ ಇಳಿದರೆ ಒಟ್ಟು ಶಕ್ತಿ ಅದೇ 168. ಎಡಬದಿಯ ಮೀಟರ್ ಮಾತ್ರ 144ರಿಂದ 168ಕ್ಕೆ ಜಿಗಿದು ‘ಭಲೇ’ ಅನ್ನುತ್ತದೆ. ಅದನ್ನು ನಂಬಿ ಹುಡುಗ ದೂರ, ವೇಗ ಎರಡೂ ಏರಿಸಿಕೊಂಡು ಮಂಡಿಯನ್ನು ಮತ್ತೆ ಕೆಡಿಸಿಕೊಂಡರೆ? ಬಲ ಮಂಡಿ ಅಷ್ಟು ದಿನ ಹೊತ್ತ ಹೆಚ್ಚಿನ ಭಾರವಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನೋ, ಫಿಸಿಯೋ ಕೇಳಿದಾಗಲೆಲ್ಲ ‘ನೋವಿಲ್ಲ, ಸರಿ ಹೋಗಿದೆ’ ಅಂತಲೇ ಹೇಳುತ್ತಿದ್ದ.

ಹಾಗಂತ ಕ್ರ್ಯಾಂಕ್ ಮೀಟರ್ ಎಂದರೆ ಎಲ್ಲವೂ ಒಂದು ಕಾಲಿನದ್ದು ಅಂದುಕೊಳ್ಳಬೇಡಿ. ಪವರ್ ಮೀಟರ್‌ಗಳಿಗೆ ದಾರಿ ತೋರಿಸಿದ, 1986ರಲ್ಲಿ ಜರ್ಮನಿಯಲ್ಲಿ ಶುರುವಾದ ಎಸ್‌ಆರ್‌ಎಂ ಅಳೆಯುವುದು ಕ್ರ್ಯಾಂಕ್ ಮತ್ತು ಹಲ್ಲುಚಕ್ರದ ನಡುವಿನ ಸ್ಪೈಡರ್ ಭಾಗದಲ್ಲಿ. ಅಲ್ಲಿ ಎರಡೂ ಕಾಲಿನ ಒಟ್ಟು ಬಲ ಬಂದು ಸೇರುತ್ತದೆ. ಒಟ್ಟು ಮೊತ್ತಕ್ಕೆ ತುಂಬಾ ನಂಬಿಕಸ್ಥ. ಯಾವ ಕಾಲು ಎಷ್ಟು ಅನ್ನುವುದನ್ನು ಮಾತ್ರ ಅದು ಬೇರೆ ಬೇರೆ ಅಳೆಯಲಾರದು. ಎರಡೂ ತೋಳಿನಲ್ಲಿ ಗೇಜ್ ಇರುವ ಕ್ರ್ಯಾಂಕ್‌ಗಳೂ ಸಿಗುತ್ತವೆ. ಆದರೆ ಅಲ್ಲಿಗೆ ಅಗ್ಗದ ಮಾತು ಮುಗಿಯಿತು. ಜೊತೆಗೆ ನಿಮ್ಮ ಸೈಕಲ್ಲಿನ ಬಾಟಮ್ ಬ್ರಾಕೆಟ್‌ಗೆ ಕೂರುತ್ತದೆಯೇ, ಫ್ರೇಮಿಗೆ ತಾಗುತ್ತದೆಯೇ ಅಂತ ಅಂಗಡಿಯಲ್ಲಿ ಕೇಳಿ ತಿಳಿಯಬೇಕು.

ಪೆಡಲ್ ಮೀಟರಿನ ಸುಖ ಇರುವುದೇ ಇಲ್ಲಿ. ಯಾವ ಕಂಪನಿಯ ಕ್ರ್ಯಾಂಕ್ ಇದ್ದರೂ ಸಾಮಾನ್ಯವಾಗಿ ಪೆಡಲ್ ಕೂರುವ ತೂತು ಒಂದೇ ಅಳತೆಯದು. ಐದು ನಿಮಿಷದಲ್ಲಿ ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ದಾಟಿಸಬಹುದು. ನೆನಪಿಡಿ, ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ. ದಾಟಿಸಿದ ಮೇಲೆ ಕ್ರ್ಯಾಂಕ್ ಉದ್ದವನ್ನು ಆ್ಯಪ್‌ನಲ್ಲಿ ಬದಲಿಸಲೇಬೇಕು. 170 ಮಿ.ಮೀ. ಇರುವ ಕಡೆ 172.5 ಅಂತ ಉಳಿದರೆ ಓದು ಸುಮಾರು ಶೇ 1.5 ಹೆಚ್ಚು ಬರುತ್ತದೆ. ಶೇ 1ರ ನಿಖರತೆಗೆಂದು ಅಷ್ಟು ದುಡ್ಡು ಸುರಿದು ಇಲ್ಲಿ ಸೋರಿಸಿಕೊಳ್ಳುವುದು ಯಾಕೆ?

ಅದರ ಕಷ್ಟವೂ ಈ ರಸ್ತೆಯಲ್ಲೇ ಗೊತ್ತಾಗುವುದು. ಇಳಿಯುವಾಗ ತಿರುವಿನಲ್ಲಿ ವಾಲಿಕೊಂಡೇ ತುಳಿದರೆ ಒಳಗಿನ ಪೆಡಲ್ ಡಾಂಬರಿಗೆ ತಾಗುತ್ತದೆ. ಮರಳಿನ ಮೇಲೆ ಜಾರಿ ಬಿದ್ದರೆ ಮೊದಲು ನೆಲ ಮುಟ್ಟುವ ಭಾಗಗಳಲ್ಲಿ ಅದೂ ಒಂದು. ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ಲು ಮಲಗಿಸಿದರೂ ಭಾರ ಬೀಳುವುದು ಅದರ ಮೇಲೆಯೇ. ಇನ್ನು ಶೂ ಕೆಳಗಿನ ಕ್ಲೀಟ್. ಲುಕ್ ಕಿಯೋ ಮಾದರಿಯದಕ್ಕೆ ಶಿಮಾನೊ ಕ್ಲೀಟ್ ಕಚ್ಚುವುದಿಲ್ಲ. ಮಾಮೂಲಿ ಚಪ್ಪಲಿಯಲ್ಲಿ ತುಳಿಯುವವರಿಗೆ, ಆಫೀಸಿಗೂ ಅದೇ ಸೈಕಲ್ಲಲ್ಲಿ ಹೋಗುವವರಿಗೆ ಕ್ರ್ಯಾಂಕ್ ಮೀಟರೇ ವಾಸಿ. ಪೆಡಲ್ ಬೇಕಾದ್ದು ಹಾಕಿಕೊಳ್ಳಬಹುದು.

ಎರಡಕ್ಕೂ ಬೇಕಾದ್ದು ಹೊರಡುವ ಮುನ್ನ ಝೀರೊ ಆಫ್‌ಸೆಟ್. ಭಾರವಿಲ್ಲದಾಗ ಶೂನ್ಯ ಎಲ್ಲಿ ಅಂತ ಮೀಟರಿಗೆ ತಿಳಿಸುವುದು, ತಕ್ಕಡಿಯ ಮುಳ್ಳು ನೋಡಿಕೊಂಡ ಹಾಗೆ. ಡಿಸೆಂಬರಿನಲ್ಲಿ ಕಾರಿನೊಳಗೆ ಬೆಚ್ಚಗೆ ಬಂದ ಸೈಕಲ್ಲನ್ನು ಬೆಟ್ಟದ ಬುಡದಲ್ಲಿ ಇಳಿಸಿದ ತಕ್ಷಣ ಇದನ್ನು ಮಾಡಬೇಡಿ. ಲೋಹ ಹೊರಗಿನ ಚಳಿಗೆ ಹೊಂದಿಕೊಳ್ಳಲು ಹತ್ತು-ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಒಂದು ಟೀ ಆಗುತ್ತದೆ.

ಇಳಿದು ಬಂದು ತಟ್ಟೆ ಇಡ್ಲಿ ಮುಂದೆ ಕೂತಾಗ ತಮ್ಮ ಲೆಕ್ಕ ಶುರು ಮಾಡಿದ. ಎರಡೂ ಬದಿಯ ಪೆಡಲಿಗೆ ಒಂದು ಬದಿಯ ಕ್ರ್ಯಾಂಕಿಗಿಂತ ಎಷ್ಟೋ ಜಾಸ್ತಿ ದುಡ್ಡು. ಒಂದೇ ಪೆಡಲಿನಲ್ಲಿ ಅಳೆಯುವ ಅಗ್ಗದ್ದೂ ಇದೆ, ಆದರೆ ಅದೂ ಎಡಗಾಲನ್ನೇ ದುಪ್ಪಟ್ಟು ಮಾಡುವುದು. ಅವನಿಗೆ ಅದು ನನ್ನ ಕ್ರ್ಯಾಂಕಿನಷ್ಟೇ ಕುರುಡು. ನಾನು ಹೇಳಿದ್ದು ಇಷ್ಟೇ: ಎರಡು ಕಾಲೂ ಗಟ್ಟಿ, ಇರುವುದು ಒಂದೇ ಸೈಕಲ್ಲು ಅನ್ನುವವರು ಎಡ ಕ್ರ್ಯಾಂಕ್ ಕೊಂಡು ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಲಿ. ನಿನಗೆ ಮಾತ್ರ ಬೇಡ. ಬ್ರೆವೆ ಮುಂದಿನ ವರ್ಷವೂ ಇರುತ್ತದೆ.

ಎರಡು ಸಂಬಳ ಕಾದು ಅವನು ಎರಡೂ ಬದಿಯ ಪೆಡಲನ್ನೇ ಕೊಂಡ. ಕ್ಲೀಟ್ ಮಾದರಿಯನ್ನು ಹಳೆಯ ಶೂ ನೋಡಿಯೇ ಆರಿಸಿದ. ಮೊದಲ ಸವಾರಿಯ ಎಡ-ಬಲ ಪಾಲಿನ ಚಿತ್ರವನ್ನು ಫಿಸಿಯೋಗೆ ತೋರಿಸಿದಾಗ ಅವರು ಅದನ್ನೇ ನೆಚ್ಚಿಕೊಳ್ಳಲಿಲ್ಲ. ಒಂಟಿ ಕಾಲಲ್ಲಿ ಎದ್ದು ಕೂರಿಸಿ, ತೊಡೆಯ ಬಲ ಪರೀಕ್ಷಿಸಿ, ಆಮೇಲೆ ವ್ಯಾಯಾಮದ ಪಟ್ಟಿಗೆ ಎಡಗಾಲಿನದ್ದು ಎರಡು ಸೇರಿಸಿದರು. ಈಗ ಏರಿನಲ್ಲಿ ಅವನು ನೋಡುವುದು ಒಟ್ಟು ವ್ಯಾಟನ್ನಲ್ಲ, ಪರದೆಯ ಮೂಲೆಯ ಎಡ-ಬಲವನ್ನು. ಕಳೆದ ವಾರ 46-54 ಇತ್ತಂತೆ.