ಏನೂ ಆಗದಿರಲಿ ಅಂತ ಹದಿನೆಂಟು ಗಂಟೆ

ಅಕ್ಕನ ಮಗಳ ಬೆನ್ನು ಸೊಟ್ಟಗಿದೆ ಅಂತ ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಅರಸೀಕೆರೆಯ ಟೈಲರಮ್ಮ. ಯುಗಾದಿಗೆ ಅಂತ ಲಂಗ ಬ್ಲೌಸು ಹೊಲಿಯಲು ಕೊಟ್ಟಿದ್ದರು. ಎರಡು ಸಲ ಬಿಚ್ಚಿ ಹೊಲಿದರೂ ಬಲಗಡೆ ಹೆಗಲು ಮೇಲೇ ನಿಲ್ಲುತ್ತಿತ್ತಂತೆ. ಮೂರನೇ ಸಲ ಆಯಮ್ಮ ಟೇಪು ಕೆಳಗಿಟ್ಟು, "ಹೊಲಿಗೇಲಿ ಏನೂ ಇಲ್ಲ ಕಣಕ್ಕ, ಮಗೀನ ಹೆಗಲೇ ಒಂದು ಮೇಲೆ ಒಂದು ಕೆಳಗೆ ಐತೆ. ಯಾರಿಗಾದ್ರೂ ತೋರ್ಸಿ" ಅಂದರಂತೆ. ಪುಟ್ಟಿಗೆ ಆಗ 13 ವರ್ಷ. ಏಳನೇ ಕ್ಲಾಸು ಮುಗಿಯುತ್ತಿತ್ತು, ದೊಡ್ಡವಳಾಗಿ ನಾಲ್ಕು ತಿಂಗಳಾಗಿತ್ತು.

ಇದನ್ನು ಮನೆಯಲ್ಲೇ ನೋಡಬಹುದು. ಮಗುವಿನ ಎರಡೂ ಪಾದ ಜೋಡಿಸಿ ನಿಲ್ಲಿಸಿ, ಮಂಡಿ ಮಡಚದೆ, ಕೈ ಮುಗಿದ ಹಾಗೆ ಅಂಗೈ ಸೇರಿಸಿ ಮುಂದಕ್ಕೆ ಬಗ್ಗಿಸಬೇಕು. ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ, ಒಂದು ಕಡೆಯ ಪಕ್ಕೆಲುಬು ಇನ್ನೊಂದು ಕಡೆಗಿಂತ ಎದ್ದು ಕಾಣುತ್ತಾ ಅಂತ ಗೊತ್ತಾಗುತ್ತದೆ. ವಿಲಿಯಂ ಆಡಮ್ಸ್ ಅನ್ನುವ ಇಂಗ್ಲಿಷ್ ಡಾಕ್ಟರು 1865ರಲ್ಲಿ ಹೇಳಿದ ವಿಧಾನ, ಇವತ್ತಿಗೂ ಮೊದಲು ಮಾಡುವುದು ಇದನ್ನೇ. ಖರ್ಚು ಸೊನ್ನೆ. ಸ್ನಾನಕ್ಕೆ, ಬಟ್ಟೆಗೆ ಮಕ್ಕಳು ಅಮ್ಮನನ್ನೂ ಹತ್ತಿರ ಬಿಡದ ವಯಸ್ಸಿನಲ್ಲೇ ಈ ಬಾಗು ಶುರುವಾಗುವುದರಿಂದ ಮನೆಯವರ ಕಣ್ಣಿಗೆ ಬೀಳುವುದು ತಡ. ನೋವೂ ಸಾಮಾನ್ಯವಾಗಿ ಇರುವುದಿಲ್ಲ. ನೋವಿದ್ದಿದ್ದರೆ ಪುಟ್ಟಿ ಬಾಯಿ ಬಿಡುತ್ತಿದ್ದಳು, ಅವಳು ಸುಮ್ಮನಿರುವ ಜಾತಿಯಲ್ಲ.

ಬೆಂಗಳೂರಿಗೆ ಕರಕೊಂಡು ಬಂದರು. ಎಕ್ಸ್‌ರೇ ಆಯಿತು. ಎದೆಯ ಭಾಗದ ಬೆನ್ನುಮೂಳೆ ಬಲಕ್ಕೆ 32 ಡಿಗ್ರಿ ಬಾಗಿತ್ತು. ಕಾಯಿಲೆಯ ಹೆಸರು ಅಡೋಲೆಸೆಂಟ್ ಇಡಿಯೋಪ್ಯಾಥಿಕ್ ಸ್ಕೋಲಿಯೋಸಿಸ್. ಅಕ್ಕ ಆ ಹೆಸರು ಕೇಳಿಯೇ ಅಳಲು ಶುರು ಮಾಡಿದ್ದಳು. ಅದನ್ನು ಬಿಡಿಸಿದರೆ ಇಷ್ಟೇ: ಹರೆಯದಲ್ಲಿ ಬರುವ, ಕಾರಣ ಗೊತ್ತಿಲ್ಲದ, ಬೆನ್ನುಮೂಳೆಯ ಬಾಗು. ಇಡಿಯೋಪ್ಯಾಥಿಕ್ ಅಂದರೆ "ಕಾರಣ ಗೊತ್ತಿಲ್ಲ" ಅನ್ನುವುದನ್ನು ಮರ್ಯಾದೆಯಾಗಿ ಹೇಳುವ ರೀತಿ.

ಆದರೆ ಊರಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ಸ್ಕೂಲ್ ಬ್ಯಾಗಿನ ಭಾರ. ಮೊಬೈಲ್ ನೋಡುತ್ತಾ ಓರೆಯಾಗಿ ಮಲಗುವುದು. ಬಿಂದಿಗೆ ಒಂದೇ ಸೊಂಟಕ್ಕೆ ಇಟ್ಟುಕೊಳ್ಳುವುದು. ಒಬ್ಬರಂತೂ ಅಕ್ಕ ಬಾಣಂತನದಲ್ಲಿ ಮಗುವಿಗೆ ಎಣ್ಣೆ ಸರಿಯಾಗಿ ತಿಕ್ಕಲಿಲ್ಲ ಅಂದರು. ಅಕ್ಕ ಇವೆಲ್ಲವನ್ನೂ ನಂಬಿ ರಾತ್ರಿ ಕೂತು ಒಂದೊಂದಾಗಿ ಲೆಕ್ಕ ಹಾಕುತ್ತಿದ್ದಳು. ಬ್ಯಾಗಿನ ಭಾರದಿಂದ, ಕೂರುವ ಭಂಗಿಯಿಂದ ಈ ಬಾಗು ಬರುವುದಿಲ್ಲ. ಮನೆತನದಲ್ಲಿ ಬರುವುದುಂಟು, ವಂಶವಾಹಿಗಳ ಪಾತ್ರವಿದೆ, ಅಷ್ಟೇ. ಡಾಕ್ಟರು ಇದನ್ನು ಅಕ್ಕನಿಗೆ ಮೂರು ಸಲ ಹೇಳಿದರು. ನಾಲ್ಕನೇ ಸಲ ನಾನು ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ, ಎಣ್ಣೆಯ ವಿಷಯ ಎತ್ತಿದವರ ಮನೆಗೆ ಹೋಗುವುದನ್ನಂತೂ ಬಿಟ್ಟಳು.

ಅಜ್ಜಿ, ಅಂದರೆ ನನ್ನ ಅಮ್ಮ, ಕೇಳಿದ್ದು ಒಂದೇ ಪ್ರಶ್ನೆ. "ಮುಂದೆ ಮದುವೆ ಗಿದುವೆ?" ಜೊತೆಗೆ ಕುಬ್ಜೆಯ ಕಥೆ. ಮಥುರೆಯಲ್ಲಿ ಕೃಷ್ಣ ಅವಳ ಪಾದವನ್ನು ಪಾದದಿಂದ ಅದುಮಿ, ಗದ್ದಕ್ಕೆ ಎರಡು ಬೆರಳು ಕೊಟ್ಟು ಎತ್ತಿದ ತಕ್ಷಣ ನೆಟ್ಟಗಾದಳಲ್ಲ, ಹಾಗೇ ಆಗುತ್ತೆ ಬಿಡು ಅಂತ. ಪುಟ್ಟಿ, "ಅಜ್ಜಿ, ಅವಳು ವಾಪಸ್ ಬಾಗಿದಳಾ ಇಲ್ವಾ ಅಂತ ಆರು ತಿಂಗಳು ಬಿಟ್ಟು ಯಾರೂ ಎಕ್ಸ್‌ರೇ ತೆಗೆಸಿಲ್ಲ" ಅಂದಳು.

ಡಿಗ್ರಿಯ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಬಾಗಿನ ಮೇಲ್ತುದಿಯಲ್ಲಿ ಅತಿ ಹೆಚ್ಚು ಓರೆಯಾದ ಮೂಳೆಯ ಮೇಲಂಚಿಗೆ ಒಂದು ಗೆರೆ, ಕೆಳತುದಿಯ ಮೂಳೆಯ ಕೆಳಂಚಿಗೆ ಇನ್ನೊಂದು ಗೆರೆ. ಎರಡರ ನಡುವಿನ ಕೋನವೇ ಕಾಬ್ ಆಂಗಲ್. ಜಾನ್ ಕಾಬ್ ಅನ್ನುವ ಅಮೆರಿಕದ ಡಾಕ್ಟರು 1948ರಲ್ಲಿ ವಿವರಿಸಿದ ಅಳತೆ. 10ಕ್ಕಿಂತ ಕಡಿಮೆಯಿದ್ದರೆ ಸ್ಕೋಲಿಯೋಸಿಸ್ ಅನ್ನುವುದೇ ಇಲ್ಲ. ಇನ್ನೂ ಬೆಳೆಯುತ್ತಿರುವ ಮಗುವಿಗೆ 25ರಿಂದ 40ರ ನಡುವೆ ಇದ್ದರೆ ಸಾಮಾನ್ಯವಾಗಿ ಬೆಲ್ಟು. 50ರ ಆಸುಪಾಸು ಬಂದರೆ ಆಪರೇಷನ್ ಮಾತು. 50 ದಾಟಿದ್ದು ಬೆಳವಣಿಗೆ ನಿಂತ ಮೇಲೂ ನಿಧಾನವಾಗಿ ಹೆಚ್ಚುತ್ತಾ ಹೋಗಬಹುದು, ಅದಕ್ಕೆ.

ಅಂದರೆ ಮುಖ್ಯ ಪ್ರಶ್ನೆ, ಇನ್ನೆಷ್ಟು ಬೆಳೆಯುವುದು ಬಾಕಿಯಿದೆ ಅನ್ನುವುದು. ಇದನ್ನು ನನಗಿಂತ ಬೇಗ ಹಿಡಿದದ್ದು ಅಪ್ಪ. ಡಾಕ್ಟರ ರೂಮಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು, ಸೊಟ್ಟ ಗಿಡವೊಂದನ್ನು ಗೂಟಕ್ಕೆ ಹಗ್ಗದಲ್ಲಿ ಸುತ್ತಿ ಕಟ್ಟಿದ್ದು. ಫ್ರಾನ್ಸಿನ ನಿಕೊಲಾ ಆಂದ್ರಿ 1741ರಲ್ಲಿ ಬರೆದ ಪುಸ್ತಕದ ಚಿತ್ರ ಅದು. ಆರ್ಥೋಪೆಡಿಕ್ಸ್ ಅನ್ನುವ ಪದ ಹುಟ್ಟಿದ್ದೂ ಆ ಪುಸ್ತಕದಲ್ಲೇ, ನೆಟ್ಟಗೆ ಮತ್ತು ಮಗು ಅನ್ನುವ ಅರ್ಥದ ಎರಡು ಗ್ರೀಕ್ ಪದ ಸೇರಿಸಿ. ಅಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. "ಎಳೇದ್ರಲ್ಲೇ ಕಟ್ಬೇಕು. ಬಲಿತ ಮೇಲೆ ಕಟ್ಟುದ್ರೆ ಮರ ಬಗ್ಗಲ್ಲ, ಗೂಟ ಮುರೀತದೆ" ಅಂದರು. ಡಾಕ್ಟರು ಒಂದು ಕ್ಷಣ ಅಪ್ಪನನ್ನೇ ನೋಡಿ, ಸೊಂಟದ ಮೂಳೆಯ ಎಕ್ಸ್‌ರೇ ತೋರಿಸಿ, ಅಲ್ಲಿನ ಬೆಳವಣಿಗೆ ನೋಡಿ 0ಯಿಂದ 5ರವರೆಗೆ ಅಂಕ ಕೊಡುವ ರಿಸರ್ ಲೆಕ್ಕ ವಿವರಿಸಿದರು. ಪುಟ್ಟಿಯದ್ದು 1. ಎಳೇದು.

ಬೆಲ್ಟು ಅಂತ ಕರೆಯುತ್ತೇವೆ, ಆದರೆ ಅದು ಪ್ಲಾಸ್ಟಿಕ್ಕಿನ ಚಿಪ್ಪು. ಮೈಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಬಗ್ಗಿಸಿ ಮಾಡುತ್ತಾರೆ. ಕಂಕುಳ ಕೆಳಗಿನಿಂದ ಸೊಂಟದ ಕೆಳಗಿನವರೆಗೆ. ಬಾಗು ಉಬ್ಬಿದ ಕಡೆ ಒಳಗೆ ಒಂದು ಪ್ಯಾಡು ಒತ್ತುತ್ತದೆ, ಎದುರು ಕಡೆ ಮೈ ಸರಿದುಕೊಳ್ಳಲು ಖಾಲಿ ಜಾಗ ಬಿಟ್ಟಿರುತ್ತಾರೆ. ಗೂಟ, ಹಗ್ಗ, ಅಷ್ಟೇ. ಇದಕ್ಕೆ ಹಿಂದಿನ ಕಾಲದ ಮಿಲ್ವಾಕಿ ಬೆಲ್ಟಿನಲ್ಲಿ ಕುತ್ತಿಗೆಯವರೆಗೆ ಲೋಹದ ಪಟ್ಟಿಗಳೂ ಒಂದು ಬಳೆಯೂ ಇರುತ್ತಿದ್ದವು. ಅದಕ್ಕೆ ಹೋಲಿಸಿದರೆ ಇದು ಸುಖ ಅಂತ ನಾನು ಹೇಳಬಹುದು, ಹಾಕಿಕೊಳ್ಳುವವಳು ನಾನಲ್ಲವಲ್ಲ.

ದಿನಕ್ಕೆ 18 ಗಂಟೆ. ಮೇ ತಿಂಗಳಲ್ಲಿ ಶುರು. ನಮ್ಮ ಕಡೆ ಮೇ ತಿಂಗಳ ಬಿಸಿಲು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಒಳಗೆ ಹೊಲಿಗೆ ಒತ್ತದ ಕಾಟನ್ ಬನಿಯನ್ನು, ದಿನಕ್ಕೆ ಮೂರು. ಯೂನಿಫಾರಂ ಎರಡು ಸೈಜು ದೊಡ್ಡದು. ಬಗ್ಗಿ ಪೆನ್ಸಿಲ್ ಎತ್ತಿಕೊಳ್ಳಲು ಆಗಲ್ಲ. ಚಕ್ಕಳಮಕ್ಕಳ ಹಾಕಿ ಕೂತರೆ ಕೆಳಗಿನ ಅಂಚು ತೊಡೆಗೆ ಒತ್ತಿ ಚಿಪ್ಪು ಗಂಟಲಿಗೆ ಬರುತ್ತದೆ. ನೆಲದ ಕಕ್ಕಸು ಸಾಧ್ಯವೇ ಇಲ್ಲ. ಕುರ್ಚಿ ಮೇಲೆ ಕೂರುವ ಜನ ಕುರ್ಚಿ ಮೇಲೆ ಕೂರುವವರಿಗೆ ಅಂತ ಮಾಡಿದ ಸಾಮಾನು ಇದು. ನೆಲದ ಮೇಲೆ ಉಂಡು, ನೆಲದ ಮೇಲೆ ಓದುವ ಮನೆಗೆ ಅದು ಬಂದಾಗ ಮನೆಯೇ ಬದಲಾಗಬೇಕಾಯಿತು. ಭಾವ ಸ್ಟೀಲಿನ ಒಂದು ಟೇಬಲ್ ತಂದರು.

ಎರಡನೇ ತಿಂಗಳು ಪುಟ್ಟಿ ಒಂದು ರಾತ್ರಿ ಫೋನ್ ಮಾಡಿದಳು. ನಾನು ಅವಳಿಗೆ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನದ ವಿಷಯ ಹೇಳಿದ್ದೆ. ಅಮೆರಿಕ, ಕೆನಡಾದ 25 ಕೇಂದ್ರಗಳಲ್ಲಿ 10ರಿಂದ 15 ವರ್ಷದ ಮಕ್ಕಳ ಮೇಲೆ ಮಾಡಿದ್ದು. ಬೆಲ್ಟು ಹಾಕಿದವರಲ್ಲಿ ನೂರಕ್ಕೆ 72 ಮಕ್ಕಳು ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ಎಷ್ಟು ಹೊತ್ತು ಹಾಕಿದರು ಅಂತ ತಿಳಿಯಲು ಬೆಲ್ಟಿನೊಳಗೆ ಉಷ್ಣತೆ ಅಳೆಯುವ ಸೆನ್ಸರ್ ಇಟ್ಟಿದ್ದರು. ದಿನಕ್ಕೆ ಸರಾಸರಿ 13 ಗಂಟೆಯಷ್ಟು ಅಥವಾ ಮೇಲ್ಪಟ್ಟು ಹಾಕಿದವರಲ್ಲಿ ಆ ಸಂಖ್ಯೆ 90ಕ್ಕೆ ಏರಿತ್ತು. ಇದೆಲ್ಲ ಹೇಳಿ ಹುರಿದುಂಬಿಸಿದ್ದೆ.

"ಮಾಮ, ಬೆಲ್ಟ್ ಹಾಕ್ದೇ ಇದ್ದೋರು ಎಷ್ಟು?"

48 ಅಂದೆ.

"ಅಂದ್ರೆ ಅರ್ಧ ಜನಕ್ಕೆ ಹಾಕ್ದೇ ಇದ್ರೂ ಏನೂ ಆಗಲ್ಲ. ನಾನು ಆ ಅರ್ಧದಲ್ಲಿ ಇರಬಹುದಲ್ವಾ?"

ಇರಬಹುದು ಅಂದೆ. ಸುಳ್ಳು ಹೇಳುವಂತಿರಲಿಲ್ಲ. ಯಾವ ಮಗು ಯಾವ ಅರ್ಧದಲ್ಲಿದೆ ಅಂತ ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಮುಗಿದ ಮೇಲೂ ಗೊತ್ತಾಗಲ್ಲ. 50 ಮುಟ್ಟದೆ ನಿಂತರೆ ಅದು ಬೆಲ್ಟಿನಿಂದಲೋ, ಹೇಗೂ ನಿಲ್ಲುತ್ತಿತ್ತೋ ಅಂತ ಅವಳೊಬ್ಬಳ ಮಟ್ಟಿಗೆ ಯಾರೂ ಬಿಡಿಸಿ ಹೇಳಲಾರರು. ನನ್ನ ಕೆಲಸದಲ್ಲಿ ಇದು ದಿನಾ ಇರುವುದೇ. ಸರ್ವರ್ ಬೀಳದೆ ಇದ್ದರೆ ಯಾರೂ ಬೆನ್ನು ತಟ್ಟುವುದಿಲ್ಲ, ಇಷ್ಟೆಲ್ಲ ಬ್ಯಾಕಪ್ ಯಾಕೆ, ಖರ್ಚು ಯಾಕೆ ಅಂತಲೇ ಮ್ಯಾನೇಜರ್ ಕೇಳುವುದು. ಆದರೆ ಅದಕ್ಕೆ ನನಗೆ ಸಂಬಳ ಕೊಡುತ್ತಾರೆ. 13 ವರ್ಷದ ಹುಡುಗಿಗೆ, ಎರಡು ವರ್ಷ ದಿನಕ್ಕೆ 18 ಗಂಟೆ ಇದರೊಳಗಿರು, ಎಲ್ಲ ಸರಿಹೋದರೆ ಏನೂ ಆಗುವುದಿಲ್ಲ, ಅದೇ ಬಹುಮಾನ ಅಂತ ಹೇಗೆ ಹೇಳುವುದು? ನಾನು ಹಾಗೇ ಹೇಳಿದೆ. ಬೇರೆ ದಾರಿ ತೋಚಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖೋ ಖೋ ಬಿಡಲ್ಲ" ಅಂದಳು.

ಹಾಗೆ ಮಾತು ಉಳಿದ 6 ಗಂಟೆಗೆ ತಿರುಗಿತು. ಅಕ್ಕನಿಗೆ ಆ 6 ಗಂಟೆಯನ್ನೂ ಕಿತ್ತು 23 ಮಾಡುವ ಆಸೆ. ಡಾಕ್ಟರೇ ಅಡ್ಡ ಬಂದು, ಆಟ ಬೇಕೇ ಬೇಕು, ಬೆಲ್ಟ್ ಬಿಚ್ಚಿಟ್ಟು ಆಡಲಿ ಅಂದರು. ಉಸೇನ್ ಬೋಲ್ಟ್‌ಗೂ ಇದೇ ಬಾಗು ಇದೆ ಗೊತ್ತಾ ಅಂತ ನಾನು ಒಮ್ಮೆ ಹೇಳಿದ್ದಕ್ಕೆ, "ಅವನು ಓಡೋದು ಮಾತ್ರ. ಬೆಲ್ಟ್ ಹಾಕ್ಕೊಂಡು ಖೋ ಖೋ ಲೈನಲ್ಲಿ ಕುಕ್ಕರುಗಾಲಲ್ಲಿ ಕೂತು ಏಳೋಕೆ ಹೇಳು ನೋಡಣ" ಅಂದಿದ್ದಳು.

6 ಗಂಟೆಯನ್ನು ಅವಳು ಹಂಚಿಕೊಂಡದ್ದು ಹೀಗೆ. ಬೆಳಿಗ್ಗೆ ಸ್ನಾನ, ಕಕ್ಕಸು, ಜಡೆ ಸೇರಿ ಒಂದು ಗಂಟೆ. ಸಂಜೆ ಖೋ ಖೋ ಎರಡು ಗಂಟೆ. ಬೆವರು ಆರಿಸಿಕೊಂಡು ವ್ಯಾಯಾಮ ಮಾಡಲು ಒಂದು. ಅಜ್ಜನ ಪಕ್ಕ ನೆಲದ ಮೇಲೆ ಕೂತು ಊಟ, ಮುದ್ದೆ ನುಂಗುವಾಗ ಹೊಟ್ಟೆ ಬಿಗಿಯಬಾರದಂತೆ, ಅದಕ್ಕೊಂದು. ಇನ್ನೊಂದು ಗಂಟೆ ಏನಕ್ಕೆ ಅಂದರೆ "ಸುಮ್ನೆ" ಅಂದಳು. ಆ "ಸುಮ್ನೆ"ಗೆ ಕೈ ಹಾಕಬೇಡ ಅಂತ ಅಕ್ಕನಿಗೆ ನಾನು ಪದೇ ಪದೇ ಹೇಳಬೇಕಾಯಿತು. ಎರಡು ವರ್ಷದಲ್ಲಿ ನಾನು ಮಾಡಿದ ಉಪಕಾರ ಏನಾದರೂ ಇದ್ದರೆ ಅದು ಆ ಒಂದು ಗಂಟೆಗೆ ಕಾವಲು ನಿಂತದ್ದು. ಗಂಟೆಯ ಲೆಕ್ಕವನ್ನು ಅವಳೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು, ಅಕ್ಕ ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪಕ್ಕ. ಹಾಲು 7½, ಬೆಲ್ಟು 17. ಹಾಲು 8, ಬೆಲ್ಟು 14, ಅದರ ಪಕ್ಕ ಸಣ್ಣಕ್ಷರದಲ್ಲಿ "ಜಾತ್ರೆ".

ಬೆಲ್ಟು ಹಾಕಿಕೊಂಡೇ ತೆಗೆದ ಮೊದಲ ಎಕ್ಸ್‌ರೇಯಲ್ಲಿ 17 ಡಿಗ್ರಿ ಬಂದಿತ್ತು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅದು ಗೂಟಕ್ಕೆ ಕಟ್ಟಿದಾಗಿನ ಲೆಕ್ಕ, ಬಿಚ್ಚಿದರೆ ಅಷ್ಟೇ ಇರುವುದಿಲ್ಲ ಅಂತ ಡಾಕ್ಟರು ಹೇಳಿದ್ದರು, ಆದರೆ ಹೋಳಿಗೆ ಮಾಡುವವರು ಅಷ್ಟೆಲ್ಲ ಕೇಳಿಸಿಕೊಳ್ಳುವುದಿಲ್ಲ. ಆರು ತಿಂಗಳ ನಂತರ ಬೆಲ್ಟು ಬಿಚ್ಚಿ ತೆಗೆದ ಎಕ್ಸ್‌ರೇಯಲ್ಲಿ 34.

ಪುಟ್ಟಿ ಡಾಕ್ಟರ ಎದುರು ಅಳಲಿಲ್ಲ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತಳು. "ಇಷ್ಟೆಲ್ಲ ಮಾಡಿ ಎರಡು ಜಾಸ್ತಿ." ಒಂದೇ ಎಕ್ಸ್‌ರೇಯನ್ನು ಇಬ್ಬರು ಅಳೆದರೂ 5 ಡಿಗ್ರಿಯವರೆಗೆ ಹೆಚ್ಚುಕಮ್ಮಿ ಬರುತ್ತದೆ, 32 ಮತ್ತು 34 ಒಂದೇ ಅಂತ ಡಾಕ್ಟರು ಹೇಳಿದ್ದನ್ನೇ ನಾನು ಮತ್ತೆ ಹೇಳಿದೆ. ಲೆಕ್ಕ ಸರಿಯೇ ಇತ್ತು, ಅಳು ನಿಲ್ಲಲಿಲ್ಲ.

ಎದುರು ಬೆಂಚಿನಲ್ಲಿ ರಾಯಚೂರು ಕಡೆಯ ಒಂದು ಹುಡುಗಿ ಕೂತಿದ್ದಳು, ಹದಿನೇಳಿರಬಹುದು. ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಬೆನ್ನುಮೂಳೆಗೆ ಸ್ಕ್ರೂ ಹಾಕಿ ಎರಡು ಸರಳು ಕೂರಿಸಿ, ಆ ಭಾಗದ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ಹಾಗೆ ಮಾಡುವ ಆಪರೇಷನ್. ಅವಳಾಗೇ ಎದ್ದು ಬಂದು ಪುಟ್ಟಿಯ ಪಕ್ಕ ಕೂತಳು. "ನಂದು ಗೊತ್ತಾಗೋದ್ರಾಗ 58 ಆಗಿತ್ತವ್ವ. ಬೆಲ್ಟ್ ಹಾಕೋ ಟೈಮೇ ಸಿಗಲಿಲ್ಲ. ಈಗ ಏನಿಲ್ಲ, ಮೂರನೇ ದಿನ ನಡದೀನಿ. ಒಂದ್ ಇಂಚು ಎತ್ತರ ಆಗೀನಿ ನೋಡು!" ಪುಟ್ಟಿ ಕಣ್ಣೊರೆಸಿಕೊಂಡು, ಬಗ್ಗಕ್ಕೆ ಆಗುತ್ತಾ, ನೋವಿತ್ತಾ, ಗಾಯ ತೋರಿಸ್ತೀರಾ ಅಂತ ಶುರು ಮಾಡಿದಳು. ನಾನು ಕಾಫಿ ತರುತ್ತೇನೆ ಅಂತ ಎದ್ದು ಹೋದೆ. ವಾಪಸ್ ಬಂದಾಗ ಇಬ್ಬರೂ ಯಾವುದೋ ರೀಲ್ಸ್ ನೋಡಿ ನಗುತ್ತಿದ್ದರು. ಆಪರೇಷನ್ ಅನ್ನುವ ಪದಕ್ಕೆ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಇದ್ದ ಭಯ, ಆ ಹುಡುಗಿಯ ಒಂದು ಇಂಚಿನ ನಂತರ ಅರ್ಧವಾಯಿತು. ಬೆಲ್ಟು ಸೋತರೆ ಬದುಕು ಮುಗಿಯುವುದಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಪುಟ್ಟಿ ಬೆಲ್ಟನ್ನು ಮೊದಲಿಗಿಂತ ಹೆಚ್ಚು ಹೊತ್ತು ಹಾಕಿದಳು. ಕ್ಯಾಲೆಂಡರಿನಲ್ಲಿ ದಾಖಲೆ ಇದೆ.

ಈಗ ಅವಳಿಗೆ 15, ಎಸ್ಸೆಸ್ಸೆಲ್ಸಿ. ನಡುವೆ ಒಂದು ಬೆಲ್ಟು ಚಿಕ್ಕದಾಗಿ ಇನ್ನೊಂದು ಮಾಡಿಸಿದ್ದಾಯಿತು. ಕಳೆದ ಎಕ್ಸ್‌ರೇಯಲ್ಲಿ 33, ರಿಸರ್ 4. ಇನ್ನು ರಾತ್ರಿ ಮಾತ್ರ ಹಾಕಿಕೊಂಡರೆ ಸಾಕು, ನಿಧಾನವಾಗಿ ಬಿಡಿಸೋಣ ಅಂದಿದ್ದಾರೆ ಡಾಕ್ಟರು. ಹೆಗಲು ಈಗಲೂ ಸ್ವಲ್ಪ ಓರೆ, ಗೊತ್ತಿದ್ದವರಿಗೆ ಕಾಣುತ್ತದೆ. "ಕಡಿಮೆ ಆಗ್ಲೇ ಇಲ್ವಲ್ಲೋ" ಅಂತ ಅಮ್ಮ ನನ್ನನ್ನು ಕೇಳಿದಾಗ ಪುಟ್ಟಿಯೇ ಉತ್ತರ ಕೊಟ್ಟಳು, "ಜಾಸ್ತಿ ಆಗ್ಲಿಲ್ವಲ್ಲ ಅಜ್ಜಿ."

ಮುಂದಿನ ಎಕ್ಸ್‌ರೇ ದಸರಾ ರಜೆಯಲ್ಲಿ. ಅದಕ್ಕೆ ಮುಂಚೆ ತಾಲ್ಲೂಕು ಮಟ್ಟದ ಖೋ ಖೋ ಇದೆ, ಆ ವಾರ ಯಾರೂ ಡಿಗ್ರಿ ವಿಷಯ ಮಾತಾಡಬಾರದು ಅಂತ ಆರ್ಡರ್ ಆಗಿದೆ.