ಚಿಕ್ಕಪ್ಪನ ಕೈ ನಡುಗಿದ ಮೂರು ದಿನ

ಸಾರಾಯಿ ಅಂಗಡಿ ಬಾಗಿಲು ಹಾಕಿದ ದಿನ ನಮ್ಮ ಕೇರಿಯಲ್ಲಿ ತಮಟೆ ಬಾರಿಸಿದವನು ನಮ್ಮ ಚಿಕ್ಕಪ್ಪನೇ. ಅವತ್ತು 2007ರ ಜುಲೈ 1. ರಾಜ್ಯದಲ್ಲೆಲ್ಲ ಸಾರಾಯಿ ಮಾರಾಟ ನಿಂತಿತ್ತು. ಸಾರಾಯಿ ಬೇಡ, ವಸತಿ ಶಾಲೆ ಬೇಕು ಅಂತ ನಮ್ಮ ಹಿರಿಯರು ಬೀದಿಗಿಳಿದಿದ್ದರು. ಆ ಕೂಗು ಕೇಳುತ್ತಲೇ ನಾವು ಸಂಘಕ್ಕೆ ಬಂದವರು. ಅವತ್ತು ಗೆದ್ದೆವು ಅನ್ನಿಸಿತು. ಇಪ್ಪತ್ತು ವರ್ಷ ಸಾರಾಯಿ ಕುಡಿದ ಚಿಕ್ಕಪ್ಪ ಸಾರಾಯಿ ಸತ್ತಿತು ಅಂತ ಕುಣಿಕುಣಿದು ಬಾರಿಸಿದ.

ಮಾರನೆಯ ದಿನ ಅವನ ಕೈ ನಡುಗೋಕೆ ಶುರುವಾಯಿತು. ತಮಟೆಯ ಕಡ್ಡಿ ಕೈಯಲ್ಲಿ ನಿಲ್ಲಲಿಲ್ಲ. ಮೈಯೆಲ್ಲ ಬೆವರು. "ಒಸಿ ಕೊಡ್ರಪ್ಪ, ಜೀವ ಹೋಯ್ತದೆ" ಅಂತ ಕಾಲು ಹಿಡಿದ. ಸರಿಹೋಗುತ್ತಿದ್ದಾನೆ, ವಿಷ ಇಳಿಯುತ್ತಿದೆ ಅಂದುಕೊಂಡೆವು ನಾವು. ಪಟ್ಟಣದ ಬ್ರಾಂದಿ ಅಂಗಡಿಗೆ ಓಡಿಹೋಗುತ್ತಾನೆ ಅಂತ ಒಳಗೆ ಕೂಡಿ ಚಿಲಕ ಹಾಕಿದೆವು. ಬಾಗಿಲಿಗೆ ಕಾವಲು ಕೂತವರು ನಾವೇ, ಸಂಘದ ಹುಡುಗರು. ಮೂರನೆಯ ರಾತ್ರಿ ಗೋಡೆ ಮೇಲೆ ಇರುವೆ ಹರೀತಾವೆ ಅಂತ ಕೂಗಿದ. ಸತ್ತುಹೋದ ಅಜ್ಜಿಯನ್ನು ಕರೆದು ಮಾತಾಡಿದ. ಆಮೇಲೆ ಫಿಟ್ಸು ಬಂತು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ, "ಕುಡುಕರಿಗೆಲ್ಲ ಇಲ್ಲಿ ಬೆಡ್ಡಿಲ್ಲ" ಅಂದರು. ಒಂದು ಬಾಟ್ಲಿ ಗ್ಲೂಕೋಸು ಏರಿಸಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ದೊಡ್ಡಾಸ್ಪತ್ರೆಯ ಗೇಟು ಮುಟ್ಟುವ ಹೊತ್ತಿಗೆ ಚಿಕ್ಕಪ್ಪ ಇರಲಿಲ್ಲ.

ಕುಡಿದು ಸತ್ತ ಅಂತ ಊರು ಅಂತು. ಅವನು ಸತ್ತದ್ದು ಕುಡಿತ ಬಿಟ್ಟು. ಬಿಡಿಸಿದವರು ನಾವು. ಈ ಮಾತನ್ನು ಬಾಯಿಬಿಟ್ಟು ಹೇಳೋದಕ್ಕೆ ನಮಗೆ ಬಹಳ ವರ್ಷ ಹಿಡಿಯಿತು.

ವಿಷಯ ಇಷ್ಟೆ. ಹೆಂಡ, ಬ್ರಾಂದಿ, ಯಾವುದೇ ಆಗಲಿ, ದಿನಾ ಹೊಟ್ಟೆಗಿಳಿದರೆ ಮಿದುಳನ್ನು ಅದುಮಿ ಹಿಡಿಯುತ್ತದೆ. ಆ ಭಾರಕ್ಕೆ ಎದುರಾಗಿ ಮಿದುಳೂ ಎಳೆಯುವುದನ್ನು ಕಲಿಯುತ್ತದೆ. ತುಂಬಿದ ಗಾಡಿ ಎಳೆಯುತ್ತಿರುವ ಎತ್ತಿನ ಹಗ್ಗ ಪಟ್ಟನೆ ಕಿತ್ತರೆ ಎತ್ತು ಮುಗ್ಗರಿಸುವುದಿಲ್ಲವೆ? ಹಾಗೆ. ಬಿಟ್ಟ ಒಂದು ದಿನದೊಳಗೆ ನಡುಕ, ಎರಡು ದಿನದೊಳಗೆ ಫಿಟ್ಸು, ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಕದಡುವುದು. ಎಲ್ಲರಿಗೂ ಆಗುವುದಿಲ್ಲ, ಆದವರಿಗೆ ಪ್ರಾಣಕ್ಕೇ ಬರಬಹುದು. ಇದಕ್ಕೆ ಮದ್ದು ದುಬಾರಿಯೂ ಅಲ್ಲ, ಹೊಸದೂ ಅಲ್ಲ. ನಡುಕ ತಗ್ಗಿಸುವ ಮಾತ್ರೆಯನ್ನು ಡಾಕ್ಟರು ಲೆಕ್ಕ ಹಾಕಿ ಕೊಟ್ಟು, ವಾರದಲ್ಲಿ ಇಳಿಸುತ್ತಾ ಬರಬೇಕು. ಗ್ಲೂಕೋಸಿಗೂ ಮುಂಚೆ ಬಿ1 ವಿಟಮಿನ್ ಸೂಜಿ ಹಾಕಬೇಕು. ಅದಕ್ಕಿಂತ ಮುಂಚೆ, ಬಂದವನನ್ನು ಮನುಷ್ಯ ಅಂತ ನೋಡಬೇಕು. ಕೊನೆಯದಕ್ಕೆ ಸರ್ಕಾರ ಬಜೆಟ್ಟಿಡಬೇಕಾಗಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಹೊರಗೆ ಬಿಟ್ಟ ಸಮೀಕ್ಷೆಯೊಂದಿದೆ. ಕುಡಿತಕ್ಕೆ ಪೂರಾ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದೆ, ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು ಅನ್ನುತ್ತದೆ ಅದು. ಆ ಒಬ್ಬ ಯಾವ ಬೀದಿಯವನು ಅಂತ ಸಮೀಕ್ಷೆ ಹೇಳದಿದ್ದರೂ ನಮಗೆ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್ ದೊಡ್ಡದೇ, ಅಲ್ಲಿಯ ಕೆಲಸಕ್ಕೆ ಕೈಮುಗಿಯುತ್ತೇವೆ. ಆದರೆ ಬಸ್ ಚಾರ್ಜು, ಜೊತೆಗೊಬ್ಬರು, ಇಬ್ಬರ ಕೂಲಿ ಖೋತಾ! ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ಏರ್ಪಾಡಾಗಿದೆ. ಅದೂ ಒಳ್ಳೆಯದೇ. ಆದರೆ ನಡುಕಕ್ಕೆ ವಾರ ಗೊತ್ತಿಲ್ಲ. ಬುಧವಾರ ಶುರುವಾದ ನಡುಕ ಶನಿವಾರದೊಳಗೆ ಲೆಕ್ಕ ಮುಗಿಸಿಬಿಡುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬ್ರಾಂದಿ ಅಂಗಡಿಗಳೆಲ್ಲ ಮುಚ್ಚಿದವು. ಮೇ 4ಕ್ಕೆ ತೆರೆಯುವ ತನಕ ಹಳ್ಳಿ ಹಳ್ಳಿಯಲ್ಲಿ ಜನ ನಡುಗಿದರು. ನಮ್ಮ ಚಿಕ್ಕಪ್ಪನ ಮಗನೂ ನಡುಗಿದ. ಅವನು ಪಟ್ಟಣದಲ್ಲಿ ಗುತ್ತಿಗೆಯ ಪೌರಕಾರ್ಮಿಕ. ಚರಂಡಿಗಿಳಿಯೋ ಮುಂಚೆ ಒಂದು ಟೆಟ್ರಾ ಪ್ಯಾಕು, ಮೇಲೆ ಬಂದ ಮೇಲೆ ಇನ್ನೊಂದು. "ಆ ವಾಸನೇಲಿ ಕುಡೀದೆ ಇಳಿದು ತೋರ್ಸಣ್ಣ" ಅಂತ ನಮಗೇ ಸವಾಲು ಹಾಕುತ್ತಿದ್ದ. ನಮ್ಮಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಈ ಸಲ ಚಿಲಕ ಹಾಕಲಿಲ್ಲ. ನಡುಕ ಕಂಡ ಸಂಜೆಯೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಮೊದಲು ಅವನ ಹೆಸರು ಕೇಳಿದರು, ಆಮೇಲೆ ನಾಡಿ ಹಿಡಿದರು. ಫೋನಿನಲ್ಲಿ ದೊಡ್ಡ ಡಾಕ್ಟರನ್ನು ಕೇಳಿ ಮಾತ್ರೆ ಬರೆದರು, ಸೂಜಿ ಹಾಕಿದರು, ಮೂರು ದಿನ ತಮ್ಮ ಕಣ್ಣೆದುರೇ ಇಟ್ಟುಕೊಂಡರು. ಚಿಕ್ಕವ್ವ ಆ ಮೂರೂ ರಾತ್ರಿ ಬಾಗಿಲ ಹೊರಗೆ ಕೂತೇ ಇದ್ದಳು. ಮೂರನೆಯ ರಾತ್ರಿ ಕಳೆದ ಮೇಲೆ ಒಂದು ಲೋಟ ಟೀ ಕುಡಿದಳು.

ಬದುಕಿದ. ಆದರೆ ಕಷ್ಟ ಇದ್ದದ್ದು ಆಮೇಲೆ. ಮಾತ್ರೆ ನಡುಕ ನಿಲ್ಲಿಸುತ್ತದೆ, ಕೇರಿಯನ್ನು ಬದಲಾಯಿಸುವುದಿಲ್ಲ. ನಮ್ಮವರ ಬದುಕಿನಲ್ಲಿ ಕುಡಿತವನ್ನು ಎಲ್ಲೆಲ್ಲಿ ಹೊಲಿದಿದ್ದಾರೆ ನೋಡಿ. ಮೇಲಿನ ಬೀದಿಯಲ್ಲಿ ಸಾವಾದರೆ ತಮಟೆಗೆ ನಾವು, ತಮಟೆಗೆ ಕೂಲಿ ಅರ್ಧ ದುಡ್ಡು, ಅರ್ಧ ಬಾಟ್ಲಿ. ಗುಂಡಿ ತೋಡಿದರೆ ಬಾಟ್ಲಿ. ಸತ್ತ ದನ ಎಳೆದರೆ ಬಾಟ್ಲಿ. ಎಲೆಕ್ಷನ್ ಬಂದರಂತೂ ಕೇಳಲೇಬೇಡಿ. ಕುಡಿಯುವ ಜಾತಿ ಅಂತ ನಮ್ಮನ್ನು ಆಡಿಕೊಳ್ಳುವವರೇ ನಮ್ಮ ಕೂಲಿಯನ್ನು ಬಾಟ್ಲಿಯಲ್ಲಿ ಅಳೆದು ಕೊಡುತ್ತಾರೆ! ಬಿಟ್ಟವನು ಎಲ್ಲಿ ತಿರುಗಿದರೂ ಅದೇ ಕೈಗೆ ಬರುತ್ತದೆ.

ನಾಲ್ಕನೆಯ ತಿಂಗಳು ಒಂದು ಸಾವಿನ ಮನೆಯಲ್ಲಿ ಮತ್ತೆ ಕುಡಿದ. ಸಂಘದಲ್ಲಿ ಕೂತು ದಂಡ ಹಾಕೋಣ ಅಂತ ಮಾತಾಡುತ್ತಿದ್ದೆವು. ಚಿಕ್ಕವ್ವ ಬಂದು ನಡುವೆ ನಿಂತಳು. "ಅವರಪ್ಪನ್ನ ಕೂಡಾಕಿ ಕೊಂದ್ರಿ. ಇವನ್ನ ದಂಡ ಹಾಕಿ ಕೊಲ್ತೀರೇನ್ರಪ್ಪ?" ಯಾರೂ ತಲೆ ಎತ್ತಲಿಲ್ಲ.

ಅವತ್ತೇ ಎರಡು ತೀರ್ಮಾನ ಮಾಡಿದೆವು. ತಮಟೆಗೆ ಪೂರಾ ದುಡ್ಡು, ಬಾಟ್ಲಿ ಕೊಟ್ಟರೆ ತಮಟೆ ಇಲ್ಲ. ಮೇಲಿನ ಬೀದಿಯವರು ಸಿಟ್ಟಾಗಿ ಪಕ್ಕದೂರಿಂದ ಬ್ಯಾಂಡ್ ಸೆಟ್ ಕರೆಸಿದರು. ಎರಡು ಸಾವಿಗೆ ಕರೆಸಿ, ರೇಟು ನೋಡಿ ತಿರುಗಿ ನಮ್ಮ ಹತ್ತಿರವೇ ಬಂದರು. ಎರಡನೆಯದು, ಬಿಟ್ಟವರು, ಬಿಡಬೇಕು ಅನ್ನುವವರು, ಬಿಟ್ಟು ಮತ್ತೆ ಹಿಡಿದವರು, ಎಲ್ಲರೂ ಭಾನುವಾರ ಸಂಜೆ ಅಂಬೇಡ್ಕರ್ ಭವನದಲ್ಲಿ ಕೂರುವುದು. ಕುಡಿದು ಬಂದವನನ್ನೂ ಹೊರಗೆ ಹಾಕುವುದಿಲ್ಲ. ಇದು ನಾವೇ ಕಂಡುಹಿಡಿದದ್ದೇನಲ್ಲ. ತಮಿಳುನಾಡಿನ ಮಂಜಕ್ಕುಡಿಯಲ್ಲಿ 1989ರಲ್ಲೇ ಮದ್ರಾಸಿನ ವೈದ್ಯರು ಹಳ್ಳಿಗೇ ಬಂದು ಶಿಬಿರ ಹೂಡಿ, ಊರಿನವರನ್ನೇ ಜೊತೆಗೆ ಸೇರಿಸಿಕೊಂಡು ಚಿಕಿತ್ಸೆ ಮಾಡಿದ್ದರು. ಆಸ್ಪತ್ರೆ ಹಳ್ಳಿಗೆ ಬರಲಾರದು ಅನ್ನುವವರಿಗೆ ನಾವು ಆ ಊರಿನ ಹೆಸರು ಹೇಳುತ್ತೇವೆ.

ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು. ಕ್ಲಾಸಿನಲ್ಲಿ ತೂಕಡಿಸುವ ಮಗುವಿಗೆ ಹೊಡೆಯೋ ಮುಂಚೆ ರಾತ್ರಿ ಮನೆಯಲ್ಲಿ ಏನಾಯಿತು ಅಂತ ಕೇಳಿ. ಚಿಕ್ಕಪ್ಪನ ಮಗ ಆರನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಅಂಥದ್ದೇ ಒಂದು ಏಟಿಗೆ.

ಅಂಗಡಿ ಮುಚ್ಚಿ ಅನ್ನುವ ಕೂಗನ್ನು ನಾವು ಬಿಟ್ಟಿಲ್ಲ. 2019ರ ಜನವರಿಯಲ್ಲಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದಾಗ ನಮ್ಮ ಕೇರಿಯ ಅವ್ವಂದಿರೂ ಜೊತೆಗಿದ್ದರು. ಆದರೆ ಈಗ ಆ ಕೂಗಿನ ಹಿಂದೆ ಇನ್ನೊಂದು ಸೇರಿಸಿದ್ದೇವೆ. ಮುಚ್ಚುವ ದಿನ ನಡುಗುವವರಿಗೆ ಹಾಸಿಗೆ ಎಲ್ಲಿ? ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ, ಆರೋಗ್ಯ ಕೇಂದ್ರದಲ್ಲಿ ಸದಾ ಮಾತ್ರೆ, ಚಿಕಿತ್ಸೆಗೆ ಹೋದ ಪೌರಕಾರ್ಮಿಕನಿಗೆ ಸಂಬಳದ ರಜೆ. ಅರ್ಜಿ ಕೊಟ್ಟು ಎರಡು ವರ್ಷವಾಯಿತು. ನೋಡೋಣ ಅಂದಿದ್ದಾರೆ. ಬರುವ ಮಂಗಳವಾರ ಮತ್ತೆ ಹೋಗುತ್ತೇವೆ, ಡಾಕ್ಟರು ಬರುವ ದಿನವೇ. ಚಿಕ್ಕಪ್ಪನ ತಮಟೆಯನ್ನು ಅವನ ಮಗ ಬಾರಿಸುತ್ತಾನೆ.